ತಡಬೆ ದಾಟುತ್ತ

ಬ್ಯಾಲಿನ್‌ಟಬ್ಬರ್ ಮಠದಿಂದ ಹೊರಡುವ ಯಾತ್ರಿಕರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತಾರೆ: ದಾರಿಯಲ್ಲಿ ಯಾರೂ ಗೊಣಗಬಾರದು. ಮಳೆ ಹೊಡೆಯಲಿ, ಕಾಲು ಕೆಸರಲ್ಲಿ ಹೂತುಹೋಗಲಿ, ತುರಿಚೆ ಗಿಡ ತಾಗಿ ಮೊಣಕೈ ಉರಿಯಲಿ, ಬಾಯಿಂದ ಬರಬೇಕಾದ್ದು ‘ದೇವರಿಗೆ ನಮಸ್ಕಾರ’ ಎಂಬ ಒಂದೇ ಮಾತು. ನಮ್ಮ ಗುಂಪನ್ನು ಕರೆದೊಯ್ಯಲಿದ್ದ ಹಿರಿಯರು ಇದನ್ನು ಹೇಳುವಷ್ಟರಲ್ಲಿ ಹೊರಗೆ ಸೋನೆ ಹಿಡಿದಿತ್ತು. ಒಬ್ಬೊಬ್ಬರಾಗಿ ಮೇಣದಬತ್ತಿ ಹಚ್ಚಿದೆವು. ಯಾರಿಗಾಗಿ ನಡೆಯುತ್ತೀರಿ, ಯಾತಕ್ಕಾಗಿ ನಡೆಯುತ್ತೀರಿ ಎಂಬುದನ್ನು ಮನಸ್ಸಿನಲ್ಲೇ ನೆನೆದುಕೊಳ್ಳಿ, ಬಾಯಿಬಿಟ್ಟು ಹೇಳಬೇಕಿಲ್ಲ ಎಂದರು. ನನಗೆ ಅಂಥ ಹರಕೆಯೇನೂ ಇರಲಿಲ್ಲ. ಬೆಟ್ಟ ನೋಡಬೇಕು, ಹಳೆಯ ದಾರಿಯಲ್ಲಿ ನಡೆಯಬೇಕು ಎಂಬ ಆಸೆ ಮಾತ್ರ ಇತ್ತು.

ಅದು 2019ರ ಆಗಸ್ಟ್. ಐರ್ಲೆಂಡಿನ ಪಶ್ಚಿಮ ತೀರದ ಮೇಯೋ ಕೌಂಟಿಯಲ್ಲಿ, ಕ್ಯಾಸಲ್‌ಬಾರ್ ಎಂಬ ಪಟ್ಟಣದಲ್ಲಿ ನನಗೆ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದ ಕೆಲಸ. ಅಲ್ಲಿಂದ ವೆಸ್ಟ್‌ಪೋರ್ಟಿಗೆ ಹೋಗುವ ರಸ್ತೆಯಲ್ಲಿ ಕಣ್ಣೆತ್ತಿದರೆ ಸಾಕು, ಕ್ರೋ ಪ್ಯಾಟ್ರಿಕ್ ಬೆಟ್ಟ ಎದುರಿಗೇ ನಿಂತಿರುತ್ತದೆ. 764 ಮೀಟರ್ ಎತ್ತರ. ಮಲೆನಾಡಿನವರಿಗೆ ಅದೇನೂ ದೊಡ್ಡ ಎತ್ತರವಲ್ಲ. ಆದರೆ ಸಮುದ್ರದ ಅಂಚಿನಿಂದಲೇ ನೆಟ್ಟಗೆ ಎದ್ದಿರುವುದರಿಂದ, ತುದಿ ಶಂಕುವಿನಂತೆ ಚೂಪಾಗಿರುವುದರಿಂದ, ಇಡೀ ಸೀಮೆಯನ್ನು ಅದೊಂದೇ ಆಳುತ್ತಿದೆ ಅನಿಸುತ್ತದೆ. ಅಲ್ಲಿಯ ಜನ ಅದನ್ನು ಪ್ರೀತಿಯಿಂದ ‘ರೀಕ್’ ಅನ್ನುತ್ತಾರೆ. ನಾನು ಬಾಡಿಗೆಗಿದ್ದ ಮನೆಯೊಡತಿ ಎಪ್ಪತ್ತು ದಾಟಿದ ನಿವೃತ್ತ ಪ್ರಾಥಮಿಕ ಶಾಲೆಯ ಟೀಚರ್. ಬೆಳಗ್ಗೆ ಎದ್ದವರೇ ‘ರೀಕ್ ಇವತ್ತು ಟೋಪಿ ಹಾಕಿಕೊಂಡಿದೆ’ ಎಂದು ಮೋಡ ನೋಡಿ ಹವಾಮಾನ ಹೇಳುತ್ತಿದ್ದರು. ಬೆಟ್ಟ ಹತ್ತಬೇಕೆಂದು ನಾನು ಹೇಳಿದಾಗ, ‘ಹತ್ತುವುದು ಯಾರಾದರೂ ಹತ್ತುತ್ತಾರೆ, ನೀನು ಟೋಹರ್ ನಡೆದು ಬಾ’ ಎಂದವರು ಅವರೇ.

ಟೋಹರ್ ಫಾಡ್ರಿಗ್ ಅಂದರೆ ಪ್ಯಾಟ್ರಿಕನ ಕಲ್ಲುಹಾದಿ. ಬ್ಯಾಲಿನ್‌ಟಬ್ಬರ್ ಮಠದಿಂದ ಬೆಟ್ಟದ ತುದಿಯವರೆಗೆ ಸುಮಾರು 35 ಕಿಲೋಮೀಟರ್. ಐರ್ಲೆಂಡಿಗೆ ಕ್ರೈಸ್ತ ಧರ್ಮ ತಂದನೆಂದು ಜನ ನಂಬುವ ಸಂತ ಪ್ಯಾಟ್ರಿಕ್ ಕ್ರಿ.ಶ. 441ರಲ್ಲಿ ಈ ಬೆಟ್ಟದ ನೆತ್ತಿಯ ಮೇಲೆ ನಲವತ್ತು ಹಗಲು ನಲವತ್ತು ರಾತ್ರಿ ಉಪವಾಸ ಕೂತನೆಂಬ ಪ್ರತೀತಿ. ಏಳನೆಯ ಶತಮಾನದಲ್ಲಿ ತೀರೆಹಾನ್ ಎಂಬ ಪಾದ್ರಿ ಬರೆದಿಟ್ಟ ಪ್ಯಾಟ್ರಿಕನ ವೃತ್ತಾಂತದಲ್ಲೂ ಈ ಉಪವಾಸದ ಮಾತಿದೆ. ಒಂದೇ ದಿನದಲ್ಲಿ ಇಡೀ ದಾರಿ ನಡೆದುಬಿಡುವವರಿದ್ದಾರೆ. ನಮ್ಮದು ನಡುವೆ ರಾತ್ರಿ ತಂಗಿ ಹೋಗುವ ಗುಂಪು. ಹೆಚ್ಚಿನವರು ಅರವತ್ತರ ಆಸುಪಾಸಿನ ರೈತರು, ನರ್ಸುಗಳು, ಒಬ್ಬ ಅಂಚೆಯವನು, ಕಾಲೇಜು ಓದುವ ಇಬ್ಬರು ಹುಡುಗಿಯರು. ಪರದೇಶಿ ಎಂದರೆ ನಾನೊಬ್ಬಳೇ.

ಹೊರಡುವ ಮೊದಲು ಮಠದೊಳಗೆ ಒಂದಿಷ್ಟು ಹೊತ್ತು ಇದ್ದೆವು. ಅದನ್ನು ಕಟ್ಟಿಸಿದವನು ಪಶ್ಚಿಮ ಐರ್ಲೆಂಡಿನ ಕೊನಾಕ್ಟ್ ಪ್ರಾಂತದ ರಾಜ ಕಾಹಲ್ ಕ್ರೋವ್‌ಡರ್ಗ್ ಓಕಾನರ್, 1216ರಲ್ಲಿ. ಅದಕ್ಕೊಂದು ಕಥೆ ಇದೆ. ರಾಜ ಇನ್ನೂ ಹುಡುಗನಾಗಿ ತಲೆಮರೆಸಿಕೊಂಡು ಓಡಾಡುತ್ತಿದ್ದಾಗ ಬ್ಯಾಲಿನ್‌ಟಬ್ಬರಿನ ಶೆರಿಡನ್ ಎಂಬವನು ಅವನಿಗೆ ಅನ್ನ ಹಾಕಿ ಇರಿಸಿಕೊಂಡಿದ್ದನಂತೆ. ಪಟ್ಟಕ್ಕೆ ಬಂದ ಮೇಲೆ ಏನು ಬೇಕು ಕೇಳು ಎಂದರೆ, ನನಗೇನೂ ಬೇಡ, ನಮ್ಮೂರ ಇಗರ್ಜಿ ಬಿದ್ದುಹೋಗುತ್ತಿದೆ, ಅದನ್ನು ಕಟ್ಟಿಸಿಕೊಡು ಎಂದನಂತೆ ಶೆರಿಡನ್. ಕೆಲಸದವರು ಹೋಗಿ ಪಕ್ಕದ ರಾಸ್‌ಕಾಮನ್ ಸೀಮೆಯಲ್ಲಿದ್ದ ಇನ್ನೊಂದು ಬ್ಯಾಲಿನ್‌ಟಬ್ಬರಿನಲ್ಲಿ ಕಟ್ಟಿ ಬಂದರು. ರಾಜ ಕೊಟ್ಟ ಮಾತು ಉಳಿಸಿಕೊಳ್ಳಲು ಇಲ್ಲಿ ಮತ್ತೆ ಕಟ್ಟಿಸಿದ. ಕಥೆ ನಿಜವೋ ಸುಳ್ಳೋ, ಈ ಮಠದ ಮೂಲದಲ್ಲಿ ಒಬ್ಬ ಸಾಮಾನ್ಯನ ಬೇಡಿಕೆ ಇದೆ ಎಂದು ಊರಿನವರು ನೆನಪಿಟ್ಟುಕೊಂಡಿರುವುದು ನನಗೆ ಬಹಳ ಹಿಡಿಸಿತು.

1653ರಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಸೈನಿಕರು ಬಂದು ಮಠ ಸುಟ್ಟರು. ಉದ್ದನೆಯ ಮುಖ್ಯ ಪ್ರಾಂಗಣದ ಮಾಡು ಹೋಯಿತು. ಬಲಿಪೀಠದ ಮೇಲಿನ ಕಲ್ಲಿನ ಕಮಾನು ಮಾತ್ರ ಬೆಂಕಿಗೂ ಬೀಳದೆ ನಿಂತಿತು. ಆ ಕಮಾನಿನ ಅಡಿ ಪಾದ್ರಿ, ಬಯಲಲ್ಲಿ ಜನ. ಕ್ಯಾಥೊಲಿಕ್ ಪೂಜೆಯನ್ನು ಕಾನೂನು ನಿಷೇಧಿಸಿದ್ದ ಕಾಲದಲ್ಲೂ ಮಳೆ, ಹಿಮ, ಗಾಳಿಗೆ ಮೈಯೊಡ್ಡಿ ಮಂಡಿಯೂರಿದವರ ಪೂಜೆ ಅಲ್ಲಿ ನಿಲ್ಲಲಿಲ್ಲ. 1846ರಲ್ಲಿ ಜೀರ್ಣೋದ್ಧಾರಕ್ಕೆ ಕೈಹಾಕಿದರೆ ಮಹಾಕ್ಷಾಮ ಬಂದು ಕೆಲಸ ನಿಂತಿತು. ಮುಖ್ಯ ಪ್ರಾಂಗಣಕ್ಕೆ ಮತ್ತೆ ಮಾಡು ಬಂದದ್ದು 1966ರಲ್ಲಿ, ಮಠಕ್ಕೆ 750 ವರ್ಷ ತುಂಬಿದಾಗ. ಅಂದರೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ಪ್ರಾಂಗಣಕ್ಕೆ ಮಾಡೇ ಇರಲಿಲ್ಲ. ಬಲಿಪೀಠದ ಹಿಂದಿನ ಮೂರು ಕಿರಿದಾದ ಕಿಟಕಿಗಳಿಂದ ಬೂದು ಬೆಳಕು ಒಳಗೆ ಬರುತ್ತಿತ್ತು. ನಾನು ಗೋಡೆಗೆ ಕೈಯಿಟ್ಟೆ. ಕಲ್ಲು ತಣ್ಣಗೆ, ತೇವವಾಗಿ, ಸಣ್ಣ ಪಾಚಿಯ ವಾಸನೆಯೊಡನೆ ಇತ್ತು. ಇಷ್ಟು ಹಟ ಹಿಡಿದ ಕಟ್ಟಡವನ್ನು ನಾನು ಬೇರೆಲ್ಲೂ ಮುಟ್ಟಿಲ್ಲ.

ಸ್ಮಶಾನದಲ್ಲಿ ಷಾನ್ ನ ಸಗಾರ್ಟ್ ಎಂಬವನ ಸಮಾಧಿ ತೋರಿಸುತ್ತಾರೆ. ಪಾದ್ರಿಗಳ ತಲೆಗೆ ಸರ್ಕಾರ ಹಣ ಕಟ್ಟಿದ್ದ ದಿನಗಳಲ್ಲಿ ಅವರನ್ನು ಬೇಟೆಯಾಡಿ ಬದುಕಿದವನು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ, ಅಂಥದೇ ಬೇಟೆಯ ನಡುವೆ ಸತ್ತ. ಊರಿನವರು ಹೆಣವನ್ನು ಕೆರೆಗೆ ಎಸೆದಿದ್ದರಂತೆ. ತಂದು ಹೂಳಿ ಎಂದು ಹೇಳಿದವರು ಅವನ ಕೈಗೆ ಸಿಗದೆ ಉಳಿದ ಪಾದ್ರಿಯೇ ಎಂದು ಜನ ಹೇಳುತ್ತಾರೆ. ಸಮಾಧಿಯನ್ನು ಸೀಳಿಕೊಂಡು ಒಂದು ಆಶ್ ಮರ ಬೆಳೆದಿದೆ.

ಮಠದ ಹಿಂದೆ ಸ್ವಲ್ಪ ದೂರದಲ್ಲಿ ಯಾತ್ರೆ ಮುಗಿಸಿ ಬಂದವರು ಕಾಲು ತೊಳೆಯುತ್ತಿದ್ದ ಹಳೆಯ ಜಾಗ. ಕಲ್ಲು ಕಾಯಿಸಿ ನೀರಿಗೆ ಹಾಕಿ, ಬಿಸಿ ಮಾಡಿ, ಬರಿಗಾಲಲ್ಲಿ ಬಂದವರ ಪಾದ ತೊಳೆಸುತ್ತಿದ್ದರಂತೆ. ಅದನ್ನು ದಾಟಿದ ಕೂಡಲೇ ಮೊದಲ ತಡಬೆ.

ತಡಬೆಯ ಬಗ್ಗೆ ಸ್ವಲ್ಪ ಹೇಳಬೇಕು. ದನ ದಾಟಬಾರದು, ಮನುಷ್ಯ ದಾಟಬೇಕು ಅನ್ನುವಲ್ಲಿ ಬೇಲಿಗೋ ಕಲ್ಲುಗೋಡೆಗೋ ಹಾಕುವ ಹತ್ತಿ ಇಳಿಯುವ ಮೆಟ್ಟಿಲು. ಟೋಹರ್‌ನ ಉದ್ದಕ್ಕೂ ಅವೇ. ಮರದವು, ಕಬ್ಬಿಣದವು, ಗೋಡೆಯಲ್ಲೇ ಚಾಚಿಸಿಟ್ಟ ಕಲ್ಲಿನವು. ಒಂದು ಗದ್ದೆ ಮುಗಿಯಿತು ಅಂದರೆ ತಡಬೆ, ಇನ್ನೊಂದು ಹುಲ್ಲುಗಾವಲು, ಮತ್ತೆ ತಡಬೆ. ಮಳೆಗೆ ನೆನೆದ ಹಲಗೆ ಜಾರುತ್ತದೆ ಎಂದು ಮುಂದಿನವರು ಹಿಂದಿನವರಿಗೆ ಕೈಕೊಡುತ್ತಾರೆ. ಎಲ್ಲರ ಅಂಗೈಯ ಬಿಸಿಯೂ ಎಲ್ಲರಿಗೂ ಪರಿಚಯವಾಗಿಬಿಡುತ್ತದೆ. ಮಾತು ಬೆಳೆಯುವುದೂ ತಡಬೆಯ ಹತ್ತಿರವೇ, ತಮ್ಮ ಸರದಿಗೆ ಕಾಯುವಾಗ.

ಐರ್ಲೆಂಡಿನಲ್ಲಿ ಜನರಿಗೆ ಇನ್ನೊಬ್ಬರ ಹೊಲದ ಮೇಲೆ ನಡೆಯುವ ಹಕ್ಕು ಹೆಚ್ಚೇನೂ ಇಲ್ಲ. ಪಕ್ಕದ ಇಂಗ್ಲೆಂಡಿನಲ್ಲಿ ಹಳೆಯ ಕಾಲುದಾರಿಗಳನ್ನು ಕಾನೂನು ಕಾಯುತ್ತದೆ. ಇಲ್ಲಿ ಬಹುಪಾಲು ದಾರಿಗಳು ಭೂಮಿಯ ಒಡೆಯ ಆಗಲಿ ಅಂದರೆ ಉಂಟು, ಬೇಡ ಅಂದರೆ ಇಲ್ಲ. ಟೋಹರ್ ಕೂಡ ಹಾಗೆಯೇ. ಕಾಲಾಂತರದಲ್ಲಿ ಯಾತ್ರಿಕರು ನೇರ ಬೆಟ್ಟದ ಬುಡಕ್ಕೆ ಗಾಡಿಯಲ್ಲಿ ಹೋಗುವುದು ರೂಢಿಯಾಗಿ, ಹಳೆಯ ದಾರಿಯನ್ನು ಮುಳ್ಳು ಮುಚ್ಚಿತ್ತು. 1980ರ ದಶಕದಲ್ಲಿ ಬ್ಯಾಲಿನ್‌ಟಬ್ಬರಿನ ಪಾದ್ರಿ ಫ್ರಾಂಕ್ ಫೇಹಿ ಊರವರನ್ನು ಕಟ್ಟಿಕೊಂಡು, ಮುದುಕರ ನೆನಪು ಕೆದಕಿ, ಪೊದೆ ಸವರಿ ಅದನ್ನು ಮತ್ತೆ ತೆರೆದರು. ಹತ್ತಾರು ರೈತರು ತಮ್ಮ ತಮ್ಮ ನೆಲದಲ್ಲಿ ಜನ ನಡೆಯಲಿ ಎಂದು ಒಪ್ಪಿದರು. ಆ ಒಪ್ಪಿಗೆಗಳೇ ಸಾಲಾಗಿ ನಿಂತು ದಾರಿಯಾಗಿವೆ. ಒಬ್ಬ ರೈತ ಮುನಿದರೂ ಯಾತ್ರೆ ಅವನ ಬೇಲಿಯ ಹತ್ತಿರ ನಿಲ್ಲುತ್ತದೆ. ಈ ವಿಷಯ ತಿಳಿದ ಮೇಲೆ ನನಗೆ ತಡಬೆ ದಾಟುವುದೇ ಒಂದು ಗೌರವದ ಕೆಲಸವಾಗಿ ಕಂಡಿತು. ಒಂದು ಹುಲ್ಲುಗಾವಲಿನಲ್ಲಿ ಗಂಬೂಟು ಹಾಕಿದ ಮುದುಕರೊಬ್ಬರು ದನಗಳನ್ನು ಬದಿಗೆ ಅಟ್ಟಿ ನಮಗೆ ದಾರಿ ಬಿಡಿಸಿ, ಎಲ್ಲರೂ ದಾಟುವವರೆಗೂ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ‘ನನ್ನದನ್ನೂ ಮೇಲೆ ಹೇಳಿ’ ಎಂದರು. ಅವರದು ಏನೆಂದು ಯಾರೂ ಕೇಳಲಿಲ್ಲ.

ಅಲ್ಲಲ್ಲಿ ಹುಲ್ಲಿನ ನಡುವೆ ಹಳೆಯ ಹಾಸುಗಲ್ಲು ಇಣುಕುತ್ತದೆ. ಪ್ಯಾಟ್ರಿಕನಿಗೂ ಹಿಂದಿನ ದಾರಿ ಇದು ಎನ್ನುತ್ತಾರೆ. ಪೂರ್ವಕ್ಕಿರುವ ರಾಸ್‌ಕಾಮನ್ನಿನ ಕ್ರೂಹನ್, ಕೊನಾಕ್ಟಿನ ಅರಸರ ಹಳೆಯ ಪೀಠ. ಅಲ್ಲಿಂದ ಈ ಬೆಟ್ಟಕ್ಕೆ ರಥ ಹೋಗುವಂಥ ರಸ್ತೆ ಇತ್ತೆಂಬುದು ಪರಂಪರೆಯ ಮಾತು. ಬೆಟ್ಟದ ಹಳೆಯ ಹೆಸರೂ ಕ್ರೂಹನ್ ಐಗ್ಲೆ. ಕ್ರೈಸ್ತರು ಬರುವ ಮೊದಲೇ ಸುಗ್ಗಿಯ ಹೊತ್ತಿಗೆ, ಲುಘ್ ದೇವರ ಹಬ್ಬಕ್ಕೆ, ಜನ ಈ ಬೆಟ್ಟಕ್ಕೆ ಬರುತ್ತಿದ್ದರು ಎಂದು ವಿದ್ವಾಂಸರು ಹೇಳುತ್ತಾರೆ. ಇಂದಿನ ಮುಖ್ಯ ಯಾತ್ರೆ, ‘ರೀಕ್ ಸಂಡೇ’, ಜುಲೈ ತಿಂಗಳ ಕೊನೆಯ ಭಾನುವಾರ ಬೀಳುವುದು ಅದೇ ಋತುವಿನಲ್ಲಿ. ಜನರ ಕಾಲು ಅದೇ, ಹೊತ್ತೂ ಅದೇ, ಕೂಗುವ ದೇವರ ಹೆಸರು ಬದಲಾಗಿದೆ.

ಐಲ್ ನದಿಯ ಬದಿಯಲ್ಲಿ ಮಳೆ ಜೋರಾಯಿತು. ಆ ನದಿ ಒಂದು ಕಡೆ ಸುಣ್ಣಕಲ್ಲಿನ ಗುಹೆಯೊಳಗೆ ನುಗ್ಗಿ ನೆಲದಡಿ ಹರಿಯುತ್ತದೆ. ಜೌಗು ನೆಲದಲ್ಲಿ ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಹೆಜ್ಜೆ ಮೊಣಕಾಲಿನವರೆಗೆ. ‘ದೇವರಿಗೆ ನಮಸ್ಕಾರ’ ಎಂಬ ಮಾತು ಸಾಲಿನ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೋಗಿ ಬರುತ್ತಿತ್ತು. ಮೊದಮೊದಲು ಅದು ಬರೀ ಬಾಯಿಪಾಠ. ಕೆಲವು ಗಂಟೆ ಕಳೆದ ಮೇಲೆ ನನ್ನೊಳಗೆ ಒಂದು ಬದಲಾವಣೆ ಆದದ್ದು ನಿಜ. ಗೊಣಗಲು ಸಿದ್ಧವಾದ ನಾಲಿಗೆ ತಡೆದು ನಿಂತಾಗ ಕಣ್ಣು ಕೆಲಸ ಶುರುಮಾಡುತ್ತದೆ. ಜೌಗಿನ ಬಿಳಿ ಅರಳೆಹೂ, ಕಪ್ಪು ನೀರಿನ ಮೇಲೆ ಮಳೆಹನಿ ಎಬ್ಬಿಸುವ ಉಂಗುರ, ಬ್ಲ್ಯಾಕ್‌ಬೆರಿ ಇನ್ನೂ ಕೆಂಪಗೇ ಇರುವುದು, ಎಲ್ಲವೂ ಒಂದೊಂದಾಗಿ ಕಾಣಿಸತೊಡಗಿದವು.

ಆ ಮಧ್ಯಾಹ್ನವೇ ಒಂದು ಹಾಥಾರ್ನ್ ಮರದ ಬಳಿ ಸಾಲು ನಿಂತಿತು. ಸ್ವಲ್ಪ ಎತ್ತರದ ಹುಲ್ಲುದಿಬ್ಬ. ಅದರಲ್ಲಿ ಅಂಗೈಯಷ್ಟಗಲದ ಕೆತ್ತದ ಕಲ್ಲುಗಳು, ಕೆಲವು ಬಿಳಿಯ ಬೆಣಚು. ಯಾವುದರ ಮೇಲೂ ಅಕ್ಷರವಿಲ್ಲ. ಇದು ‘ಕಿಲ್ಲೀನ್’ ಎಂದರು. ಜ್ಞಾನಸ್ನಾನಕ್ಕೆ ಮೊದಲೇ ತೀರಿಕೊಂಡ ಶಿಶುಗಳನ್ನು ಹೂತ ಜಾಗ. ಜ್ಞಾನಸ್ನಾನ ಆಗದ ಮಗುವಿಗೆ ಇಗರ್ಜಿಯ ಸ್ಮಶಾನದಲ್ಲಿ ಎಡೆಯಿಲ್ಲ ಎಂಬ ಕಟ್ಟಳೆ ಇಪ್ಪತ್ತನೆಯ ಶತಮಾನದ ಬಹುಭಾಗ ನಡೆದುಬಂತು. ಐರ್ಲೆಂಡಿನ ಪಶ್ಚಿಮದಲ್ಲಿ ಇಂಥ ದಿಬ್ಬಗಳು ನೂರಾರಿವೆ. ಅಪ್ಪಂದಿರು ಕತ್ತಲಾದ ಮೇಲೆ ಸಣ್ಣ ಪೆಟ್ಟಿಗೆ ಹೊತ್ತು ಬಂದು, ಪಾದ್ರಿಯಿಲ್ಲದೆ, ಮಂತ್ರವಿಲ್ಲದೆ ಹೂತು ಹೋಗುತ್ತಿದ್ದರು. ನಮ್ಮ ಗುಂಪಿನ ರೈತರೊಬ್ಬರು, ಅಷ್ಟು ಹೊತ್ತೂ ಹೆಚ್ಚು ಮಾತಾಡದವರು, ತಮ್ಮೂರಿನ ಇಂಥದೇ ದಿಬ್ಬದಲ್ಲಿ ತಮ್ಮ ಅಕ್ಕ ಇದ್ದಾಳೆ ಎಂದರು. ಹೆಸರಿಡುವ ಮುಂಚೆಯೇ ಹೋದವಳು. ಅಪ್ಪ ಲಾಟೀನು ಕೂಡ ಒಯ್ಯಲಿಲ್ಲವಂತೆ, ಯಾರಾದರೂ ನೋಡಿಯಾರು ಎಂದು. ಯಾವ ಕಲ್ಲು ಆಕೆಯದೆಂದು ಅಮ್ಮನಿಗೆ ಕೊನೆಗೂ ತಿಳಿಯಲಿಲ್ಲ. ಆಗ ಯಾರೂ ‘ದೇವರಿಗೆ ನಮಸ್ಕಾರ’ ಅನ್ನಲಿಲ್ಲ. ಹೇಳದಿದ್ದುದೇ ಸರಿ ಎಂದು ನನಗೆ ಇಂದಿಗೂ ಅನಿಸುತ್ತದೆ.

ಆ ಕಲ್ಲುಗಳ ಮುಂದೆ ನನಗೆ ಬೆಳಗಾವಿಯ ಸವಿತಾ ನೆನಪಾದರು. ಐರ್ಲೆಂಡಿನಲ್ಲಿದ್ದ ಯಾವ ಕನ್ನಡಿಗರಿಗೂ ಆ ಹೆಸರು ಮರೆಯುವಂಥದ್ದಲ್ಲ. ಸವಿತಾ ಹಾಲಪ್ಪನವರ್, ದಂತವೈದ್ಯೆ, ನನಗಿಂತ ಮೊದಲೇ ಈ ದೇಶಕ್ಕೆ ಬಂದು ಕ್ಯಾಸಲ್‌ಬಾರಿನಿಂದ ಒಂದು ಗಂಟೆ ಚಿಲ್ಲರೆ ದಾರಿಯ ಗಾಲ್ವೇಯಲ್ಲಿ ಮನೆ ಮಾಡಿದ್ದವರು. ನಾಲ್ಕು ತಿಂಗಳ ಬಸಿರು ಉಳಿಯುವುದಿಲ್ಲ ಎಂದು ಖಚಿತವಾದ ಮೇಲೂ, ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ, ಕೇಳಿಕೊಂಡರೂ ವೈದ್ಯರು ಗರ್ಭ ತೆಗೆಯಲಿಲ್ಲ. ನಂಜು ಏರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ವಯಸ್ಸು 31. ತಾಯಿಯ ಜೀವಕ್ಕೂ ಹುಟ್ಟದ ಜೀವಕ್ಕೂ ಸಮಾನ ಹಕ್ಕೆಂದು 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ ಎಂಟನೆಯ ತಿದ್ದುಪಡಿ ಆ ಸಾವಿನ ಹಿಂದಿತ್ತು. 2018ರ ಮೇ 25ರಂದು ಜನಮತ ನಡೆದು, ಮೂರರಲ್ಲಿ ಎರಡು ಪಾಲು ಜನ ಅದನ್ನು ತೆಗೆದುಹಾಕಿ ಎಂದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಸವಿತಾರ ಚಿತ್ರಕ್ಕೆ ಜನ ಕ್ಷಮೆ ಕೇಳಿ ಚೀಟಿ ಅಂಟಿಸಿ ಹೋದರು.

ಬೇಡ ಎಂದ ಕ್ಷೇತ್ರ ಇಡೀ ದೇಶದಲ್ಲಿ ಡೊನೆಗಾಲ್ ಒಂದೇ. ಮೇಯೋ, ಈ ಬೆಟ್ಟದ ಮೇಯೋ, ಮಠಗಳ ಮೇಯೋ, ಹೌದು ಎಂದಿತು. ನನ್ನ ಮನೆಯೊಡತಿ ಒಂದು ಭಾನುವಾರವೂ ಪೂಜೆ ತಪ್ಪಿಸಿದವರಲ್ಲ. ಅವರೂ ಹೌದು ಎಂದೇ ಮತ ಹಾಕಿದ್ದರು. ನಾನು ಅವರ ಮನೆಗೆ ಬಂದ ಹೊಸದರಲ್ಲಿ, ಯಾವ ಊರು ಎಂದು ಕೇಳಿ, ನಾನು ಕರ್ನಾಟಕ ಎಂದಾಗ, ‘ಆ ಹುಡುಗಿಯ ರಾಜ್ಯ’ ಎಂದು ನನ್ನ ಕೈ ಹಿಡಿದುಕೊಂಡು ಸುಮ್ಮನಿದ್ದದ್ದು ನನಗೆ ನೆನಪಿದೆ. ಚರ್ಚಿನ ಕಟ್ಟಳೆ ಬೇರೆ, ಜನರ ನಂಬಿಕೆ ಬೇರೆ ಎಂದು ಓದಿ ಬಲ್ಲೆ. ಅವೆರಡೂ ಒಂದೇ ಮನುಷ್ಯರೊಳಗೆ ಹೇಗೆ ಎದುರುಬದುರಾಗಿ ಕೂತಿರುತ್ತವೆ ಎಂಬುದನ್ನು ಅವರಲ್ಲಿ ಕಂಡೆ, ಕಿಲ್ಲೀನ್‌ನ ಬಳಿ ಟೋಪಿ ತೆಗೆದು ನಿಂತ ಆ ರೈತರಲ್ಲಿ ಕಂಡೆ. ಕೂಸಿಗೆ ಎಡೆ ಕೊಡದ ಚರ್ಚಿನ ಬೆಟ್ಟವನ್ನೇ ಅವರು ಹತ್ತಲು ಹೊರಟಿದ್ದರು. ಆ ಬೆಟ್ಟ ಚರ್ಚಿಗಿಂತ ಮೊದಲಿನದು, ತಮ್ಮದು, ತಮ್ಮ ಅಕ್ಕನದೂ ಹೌದು ಎಂಬಂತೆ. ಅಲ್ಲಿಂದ ಮುಂದಕ್ಕೆ ನನಗೂ ನಡೆಯಲು ಒಂದು ಹರಕೆ ಸಿಕ್ಕಿತು.

ಸುಮಾರು ಅರ್ಧ ದಾರಿಯಲ್ಲಿ ಆಹಗವರ್ ಎಂಬ ಪುಟ್ಟ ಊರು. ದುಂಡನೆಯ ಎತ್ತರದ ಕಲ್ಲುಗೋಪುರ, ಪಾಳು ಇಗರ್ಜಿ, ಪ್ಯಾಟ್ರಿಕನ ಹೆಸರಿನ ಸ್ನಾನದ ಹೊಂಡ. ಇಲ್ಲಿಗೆ ಬರುವಷ್ಟರಲ್ಲಿ ಪ್ಯಾಟ್ರಿಕನಿಗೂ ಸಾಕಾಗಿತ್ತಂತೆ. ಊರೂರು ಸುತ್ತಿ ದಣಿದಿದ್ದೇನೆ, ಈ ಚೂರು ನೆಲದಲ್ಲೇ ಇದ್ದುಬಿಡಲೇ ಎಂದು ಬಯಸಿದನೆಂದು ಅವನ ಹಳೆಯ ಚರಿತ್ರೆ ಹೇಳುತ್ತದೆ. ದೆವ್ವಗಳನ್ನು ಓಡಿಸಿದ, ಹಾವುಗಳನ್ನು ಕಡಲಿಗೆ ಅಟ್ಟಿದ ಸಂತನಿಗಿಂತ, ಹೀಗೆ ಬೇಲಿಯ ಬದಿಯಲ್ಲಿ ಕೂತು ಇನ್ನು ಆಗದು ಎಂದ ಮನುಷ್ಯ ನನಗೆ ಹತ್ತಿರದವನು. ಆ ರಾತ್ರಿ ಅಲ್ಲಿಯೇ ಉಳಿದೆವು. ಊರಿನ ಹೆಂಗಸರು ಸೂಪು, ಸೋಡಾ ಬ್ರೆಡ್ಡು, ಕಡುಚಹಾ ಕೊಟ್ಟರು. ಒದ್ದೆ ಸಾಕ್ಸುಗಳೆಲ್ಲ ಒಲೆಯ ಸುತ್ತ ತೂಗುತ್ತಿದ್ದವು.

ಮರುದಿನ ಮಳೆ ಬಿಟ್ಟಿತ್ತು. ಲ್ಯಾಂಕಿಲ್‌ನ ಗದ್ದೆಯಲ್ಲಿ ಒಂಟಿ ನಿಲುಗಲ್ಲು. ಅದರ ಮೇಲೆ ಒಂದರೊಳಗೊಂದು ವರ್ತುಲಗಳು, ಜೊತೆಗೆ ಶಿಲುಬೆ. ಕ್ರೈಸ್ತರು ಬಂದಾಗ ಹಳೆಯ ಕಲ್ಲನ್ನು ಕೆಡವದೆ ಅದರ ಮೈಮೇಲೆಯೇ ತಮ್ಮ ಗುರುತು ಕೆತ್ತಿದರು. ಇನ್ನೂ ಮುಂದೆ ಬೊಹೇ. ಮನೆಯೊಂದರ ಪಕ್ಕದಲ್ಲಿ ಎದ್ದಿರುವ ಬಂಡೆ. ಅದರ ತುಂಬ ಬಟ್ಟಲಿನಾಕಾರದ ಕುಳಿಗಳು, ಕುಳಿಗಳ ಸುತ್ತ ಉಂಗುರಗಳು. ಸಾವಿರಾರು ವರ್ಷಗಳ ಹಿಂದೆ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕೆತ್ತಿದ್ದು. ಹಿಂದಿನ ದಿನದ ಮಳೆನೀರು ಒಂದೊಂದು ಕುಳಿಯಲ್ಲೂ ನಿಂತಿತ್ತು. ಕಿರುಬೆರಳು ಇಟ್ಟರೆ ಮೊದಲ ಗಂಟಿನವರೆಗೆ ಇಳಿಯುವಷ್ಟು ಆಳ. ಏಪ್ರಿಲ್ 18 ಮತ್ತು ಆಗಸ್ಟ್ 24ರ ಸಂಜೆ ಇಲ್ಲಿ ನಿಂತರೆ, ಮುಳುಗುವ ಸೂರ್ಯ ಬೆಟ್ಟದ ತುದಿಗೆ ತಾಗಿ, ಆಮೇಲೆ ಅದರ ಉತ್ತರದ ಏಣಿನ ಮೇಲೆ ಉರುಳುತ್ತ ಉರುಳುತ್ತ ಕೆಳಗಿಳಿದಂತೆ ಕಾಣುತ್ತದೆ. ಈ ಎರಡು ದಿನಗಳನ್ನೂ ಡಿಸೆಂಬರಿನ ಅಯನಸಂಕ್ರಾಂತಿಯನ್ನೂ ಸೇರಿಸಿದರೆ ವರ್ಷ ಹೆಚ್ಚುಕಡಿಮೆ ಮೂರು ಸಮಪಾಲಾಗುತ್ತದೆ. ಬಿತ್ತನೆಗೂ ಕೊಯ್ಲಿಗೂ ಲೆಕ್ಕ ಇಟ್ಟವರು ಯಾರೋ ಈ ಬಂಡೆಯನ್ನೇ ಆರಿಸಿಕೊಂಡಿರಬೇಕು. ಗಂಡ ಬದುಕಿದ್ದಾಗ ಅವರೊಂದಿಗೆ ಬಂದು ಇದನ್ನು ನೋಡಿದ್ದೆ ಎಂದು ಮನೆಯೊಡತಿ ಹೇಳಿದ್ದರು. ಪ್ಯಾಟ್ರಿಕ್ ಇಲ್ಲಿ ಕೂತಿದ್ದನೆಂದು ಊರವರು ಇದನ್ನು ಅವನ ಕುರ್ಚಿ ಎಂದೂ ಕರೆಯುತ್ತಾರೆ.

ಬೊಹೇಯಿಂದಾಚೆ ಬೆಟ್ಟ ಕಣ್ಣು ತಪ್ಪಿಸುವುದಿಲ್ಲ. ಹೆದರ್ ಗಿಡಗಳ ನೇರಳೆ ಇಳಿಜಾರಿನಲ್ಲಿ ಹತ್ತುತ್ತ ಹೋಗಿ ಬೆಟ್ಟದ ಹೆಗಲ ಮೇಲೆ, ಮುರಿಸ್ಕ್ ಕಡೆಯಿಂದ ಬರುವ ಮುಖ್ಯ ದಾರಿಯನ್ನು ಕೂಡಿದೆವು. ತಿರುಗಿ ನೋಡಿದರೆ ಕ್ಲೂ ಕೊಲ್ಲಿ. ವರ್ಷದ ದಿನಕ್ಕೊಂದರಂತೆ 365 ದ್ವೀಪಗಳಿವೆ ಎಂದು ಜನ ಹೇಳುವ ಕೊಲ್ಲಿ. ಹಿಮಯುಗ ಬಿಟ್ಟುಹೋದ ಮಣ್ಣಿನ ದಿಬ್ಬಗಳು ಏರಿದ ಕಡಲಲ್ಲಿ ಅರ್ಧ ಮುಳುಗಿ ಹಾಗೆ ನಿಂತಿವೆ.

ಕೊನೆಯ ಏರು ಬರೀ ಸಡಿಲ ಕಲ್ಲು. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಕೆಳಗೆ. ಮೇಲಿನವರ ಕಾಲಿಂದ ಸರಿದ ಕಲ್ಲು ಕೆಳಗಿನವರತ್ತ ಉರುಳಿ ಬರುತ್ತದೆ, ‘ಕಲ್ಲು!’ ಎಂದು ಕೂಗು ಏಳುತ್ತದೆ. ರೀಕ್ ಸಂಡೇ ದಿನ ಪರ್ವತರಕ್ಷಣಾ ದಳದವರು ಇಲ್ಲಿ ಬೀಡುಬಿಟ್ಟಿರುತ್ತಾರೆ, ಕಾಲು ಮುರಿದವರನ್ನು ಸ್ಟ್ರೆಚರ್‌ನಲ್ಲಿ ಇಳಿಸುವುದಕ್ಕೆ. 1113ರಲ್ಲಿ ಪ್ಯಾಟ್ರಿಕನ ಹಬ್ಬದ ರಾತ್ರಿ ಇಲ್ಲಿ ಉಪವಾಸ ಕೂತಿದ್ದ ಮೂವತ್ತು ಮಂದಿ ಸಿಡಿಲಿಗೆ ಸತ್ತರೆಂದು ಹಳೆಯ ವಾರ್ಷಿಕ ದಾಖಲೆಗಳಲ್ಲಿದೆ. ಆದರೂ ಜನ ಬರುವುದು ನಿಲ್ಲಿಸಲಿಲ್ಲ. ನಮ್ಮ ಮುಂದೆ ಒಬ್ಬ ಗಂಡಸು ಬರಿಗಾಲಲ್ಲಿ ಹತ್ತುತ್ತಿದ್ದ. ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ಪ್ರತಿ ಹೆಜ್ಜೆಗೂ ಮೊದಲು ಬೆರಳಿಂದ ಕಲ್ಲನ್ನು ಒತ್ತಿ ನೋಡಿ, ಅದು ಅಲುಗುವುದಿಲ್ಲ ಎಂದಾದ ಮೇಲಷ್ಟೇ ಭಾರ ಹಾಕುತ್ತಿದ್ದ. ಅವನ ಹಿಂದೆ ನಾನೂ ಹಾಗೆಯೇ ಹತ್ತಿದೆ. ಬೂಟು ಹಾಕಿದ್ದರೂ ಅವನಿಟ್ಟ ಕಲ್ಲಿನ ಮೇಲೆಯೇ ಕಾಲಿಟ್ಟೆ.

ನೆತ್ತಿಯ ಮೇಲೆ ಸಣ್ಣ ಬಿಳಿಯ ಇಗರ್ಜಿ. 1905ರಲ್ಲಿ ಕಟ್ಟಿದ್ದು. ಸಿಮೆಂಟನ್ನು ಕತ್ತೆಗಳ ಬೆನ್ನಿಗೆ ಹೇರಿ ಮೇಲೆ ತಂದರು. 1990ರ ದಶಕದಲ್ಲಿ ಇಲ್ಲಿ ಅಗೆದಾಗ ಅದಕ್ಕೂ ಹಿಂದಿನ ಪುಟ್ಟ ಕಲ್ಲಿನ ಪ್ರಾರ್ಥನಾಮಂದಿರದ ತಳ ಸಿಕ್ಕಿತು, ಕ್ರಿ.ಶ. 430 ಮತ್ತು 890ರ ನಡುವಿನದು. ನೆತ್ತಿಯನ್ನು ಸುತ್ತುವರಿದ ಕೋಟೆಗೋಡೆಯ ಗುರುತೂ ಸಿಕ್ಕಿತು. ಇದೇ ಬೆಟ್ಟದಲ್ಲಿ 1980ರ ದಶಕದಲ್ಲಿ ಚಿನ್ನದ ಎಳೆ ಪತ್ತೆಯಾಗಿತ್ತು. ಗಣಿ ಬೇಡ ಎಂದು ಊರಿನವರು ಎದ್ದು ನಿಂತರು. ಚಿನ್ನ ಇಂದಿಗೂ ಬೆಟ್ಟದೊಳಗೇ ಇದೆ.

ಇಗರ್ಜಿಯ ಹತ್ತಿರ ಪ್ಯಾಟ್ರಿಕನ ಹಾಸಿಗೆ ಎನ್ನುವ ಕಲ್ಲಿನ ತಗ್ಗು. ಅದನ್ನು ಏಳು ಸಲ ಸುತ್ತಬೇಕು, ಇಗರ್ಜಿಯನ್ನು ಹದಿನೈದು ಸಲ. ಸುತ್ತುವುದು ಯಾವಾಗಲೂ ಸೂರ್ಯ ಹೋಗುವ ದಿಕ್ಕಿನಲ್ಲಿ, ಬಲಗೈ ಕಡೆ ದೇವರಿರುವಂತೆ. ಪ್ರದಕ್ಷಿಣೆ ಹಾಕಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸುತ್ತಲಿನವರು ಜಪಮಾಲೆ ಎಣಿಸುತ್ತ ತಮ್ಮ ಪ್ರಾರ್ಥನೆ ಹೇಳುತ್ತಿದ್ದರು. ನನಗೆ ಅವರ ಪ್ರಾರ್ಥನೆ ಬರುತ್ತಿರಲಿಲ್ಲ. ನನ್ನವು ಆ ಜಾಗಕ್ಕೆ ಬೇಕೆನಿಸಲಿಲ್ಲ. ಪ್ರತಿ ಸುತ್ತಿಗೂ ಸವಿತಾ ಎಂದು ಒಮ್ಮೆ ಹೇಳಿದೆ, ಅಷ್ಟೇ. ಆ ರೈತರು ನನ್ನ ಮುಂದೆಯೇ ಸುತ್ತುತ್ತಿದ್ದರು. ಹೆಸರೇ ಇಲ್ಲದ ಅಕ್ಕನಿಗಾಗಿ ಅವರು ಏನು ಹೇಳಿಕೊಂಡರೋ.

ಇಳಿದದ್ದು ಮುರಿಸ್ಕ್ ಕಡೆಗೆ. ರಸ್ತೆಯಾಚೆ, ಕೊಲ್ಲಿಯ ಅಂಚಿನಲ್ಲಿ ಮಹಾಕ್ಷಾಮದ ರಾಷ್ಟ್ರೀಯ ಸ್ಮಾರಕ. ಜಾನ್ ಬೆಹನ್ ಮಾಡಿದ ಕಂಚಿನ ಹಡಗು, 1997ರಲ್ಲಿ ಅನಾವರಣಗೊಂಡದ್ದು. ಹಗ್ಗಗಳಂತೆ ಕಾಣುವುದು ಹತ್ತಿರ ಹೋದರೆ ಅಸ್ಥಿಪಂಜರಗಳು, ಒಂದರ ಕೈ ಇನ್ನೊಂದರ ಕಾಲಿಗೆ ಹೆಣೆದುಕೊಂಡು ಹಡಗನ್ನು ಸುತ್ತಿವೆ. 1845ರಿಂದ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿಗೂ ರೋಗಕ್ಕೂ ಬಲಿಯಾದರು, ಅಷ್ಟೇ ಜನ ಹಡಗು ಹತ್ತಿದರು. ಮೇಯೋ ಅತಿ ಹೆಚ್ಚು ನೊಂದ ಸೀಮೆಗಳಲ್ಲೊಂದು. ನಾನು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾಲು ನಡುಗುತ್ತಿತ್ತು, ಬಸ್ಸು ಕಾಯುತ್ತಿತ್ತು.

ಮರುವರ್ಷ ಕೋವಿಡ್ ಬಂದು ರೀಕ್ ಸಂಡೇ ರದ್ದಾಯಿತು. ನಾನು ಊರಿಗೆ ಮರಳಿದೆ. ಮನೆಯೊಡತಿ ಆಗಾಗ ಫೋನ್ ಮಾಡುತ್ತಾರೆ. ನಾವು ಜಾರಿ ಜಾರಿ ಹತ್ತಿದ ಆ ಸಡಿಲ ಕಲ್ಲಿನ ಏರನ್ನು ಈಗ ಬೆಟ್ಟದ್ದೇ ಕಲ್ಲು ಆರಿಸಿ, ಸಿಮೆಂಟಿಲ್ಲದೆ, ಕೈಯಲ್ಲೇ ಕೂರಿಸಿ ಮೆಟ್ಟಿಲು ಮಾಡಿದ್ದಾರಂತೆ. ಅಷ್ಟು ಜನರ ಕಾಲಿಗೆ ಸಿಕ್ಕಿ ಬೆಟ್ಟದ ಮೈ ಕೊರೆದುಹೋಗುತ್ತಿತ್ತು, ಅದಕ್ಕೇ ಈ ಕೆಲಸ. ಕಷ್ಟವೇ ಇಲ್ಲದಿದ್ದರೆ ಅದೆಂಥ ಹರಕೆ ಎಂದು ಬೇಸರಪಟ್ಟ ಹಳಬರೂ ಇದ್ದಾರೆ. ಮನೆಯೊಡತಿಗೆ ಮಾತ್ರ ಈ ಮೆಟ್ಟಿಲು ಬಹಳ ಹಿಡಿಸಿದೆ. ಮೊಣಕಾಲು ನೋವು ಬಂದು ಹೋಗಲಾಗದೇ ಉಳಿದಿದ್ದವರು, ಬರುವ ಜುಲೈಗೆ ಮೇಲೆ ಹೋಗಲೇಬೇಕೆಂದು ದಿನಾ ಸಂಜೆ ಕೆರೆಯ ಸುತ್ತ ನಡೆದು ಅಭ್ಯಾಸ ಮಾಡುತ್ತಿದ್ದಾರೆ.